ಬ್ಯಾಡಗಿ ರಸ್ತೆಯ ಅಗಲ ಅಳೆಯುವ ಮೊದಲು

ಹಾವೇರಿ

ಚಿ. ಸವಿತಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮೋಟೆಬೆನ್ನೂರಿನಿಂದ ಬ್ಯಾಡಗಿ ಪೇಟೆ ದಾಟಿ ಹೋಗುವ ರಸ್ತೆಯ ಅಗಲೀಕರಣದ ಯೋಜನಾ ವರದಿ ತಯಾರಿಸುವ ಕೆಲಸ ನಿನ್ನ ತಂಡಕ್ಕೆ ಬಂದಿದೆಯೆಂದು ನಿನ್ನ ಅವ್ವ ಫೋನಿನಲ್ಲಿ ಹೇಳಿದಳು. ಹೆಮ್ಮೆಯಾಯಿತು. ಆ ಪೇಟೆಯ ರಸ್ತೆಯ ಮಾತು ಎಷ್ಟು ವರ್ಷಗಳಿಂದ ಎಳೆದಾಡುತ್ತಿದೆಯೆಂದು ಈ ಜಿಲ್ಲೆಯವರಿಗೆಲ್ಲ ಗೊತ್ತು. ರಸ್ತೆ ಕೆಲಸದಲ್ಲೇ ಆಯುಷ್ಯ ಕಳೆದವನಾದ್ದರಿಂದ ನಾಲ್ಕು ಮಾತು ಬರೆಯದೆ ಸುಮ್ಮನಿರಲಾರೆ.

ಎಲ್ಲರೂ ನಿನ್ನನ್ನು ಮೊದಲು ಕೇಳುವುದು ‘ಎಷ್ಟು ಅಡಿ?’ ಎಂದು. ಅಂಗಡಿಯವರೂ ಅದನ್ನೇ ಕೇಳುತ್ತಾರೆ, ಜನಪ್ರತಿನಿಧಿಗಳೂ ಅದನ್ನೇ ಕೇಳುತ್ತಾರೆ. ನೀನು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೋ. ವಾಹನಗಳು ಎಲ್ಲಿ ನಿಲ್ಲುತ್ತವೆ, ಯಾಕೆ ನಿಲ್ಲುತ್ತವೆ ಎಂಬುದನ್ನು ಮೊದಲು ಕಣ್ಣಾರೆ ನೋಡು.

ನೋಡುವುದಕ್ಕೆ ಸರಿಯಾದ ಕಾಲವಿದೆ. ಮೆಣಸಿನಕಾಯಿ ಸುಗ್ಗಿ ಜೋರಾಗಿರುವುದು ಜನವರಿಯಿಂದ ಮಾರ್ಚ್‌ವರೆಗೆ, ಅದರಲ್ಲೂ ಸೋಮವಾರ ಮತ್ತು ಗುರುವಾರ. ಬಳ್ಳಾರಿ, ರಾಯಚೂರು, ಆಂಧ್ರದ ಲಾರಿಗಳೆಲ್ಲ ಅಂದೇ ಬಂದು ಸೇರುತ್ತವೆ. ಜುಲೈ ತಿಂಗಳ ಒಂದು ಬುಧವಾರ ಎಣಿಕೆದಾರರನ್ನು ಕೂರಿಸಿದರೆ ಅಲ್ಲಿ ದಟ್ಟಣೆಯೇ ಇಲ್ಲವೆಂದು ಕಾಗದ ಹೇಳುತ್ತದೆ. ಹಳ್ಳಿಗಾಡಿನ ರಸ್ತೆಗಳ ವಾಹನ ಎಣಿಕೆಗೆ ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಇರುವುದೂ ಹೀಗೆಯೇ: ವರ್ಷಕ್ಕೆ ಎರಡು ಸಲ, ಸುಗ್ಗಿಯಲ್ಲೊಮ್ಮೆ, ಬಿಡುವಿನ ಕಾಲದಲ್ಲೊಮ್ಮೆ, ಪ್ರತಿ ಸಲವೂ ಏಳು ದಿನ, ಹಗಲು ರಾತ್ರಿ. ಸಮಯವಿಲ್ಲವೆಂದು ಮೇಲಿನವರು ಅವಸರ ಮಾಡಬಹುದು. ಈ ಒಂದು ವಿಷಯದಲ್ಲಿ ಮಾತ್ರ ಹಟ ಬಿಡಬೇಡ.

ಎಣಿಸುವಾಗ ಎಷ್ಟು ವಾಹನ ಎಂಬ ಸಂಖ್ಯೆಯೊಂದೇ ಸಾಲದು. ಊರ ಹೊರಗಿನ ರಸ್ತೆಗಳ ಲೆಕ್ಕದಲ್ಲಿ ಒಂದು ಕಾರು ರಸ್ತೆಯಲ್ಲಿ ಹಿಡಿಯುವ ಜಾಗವನ್ನು 1 ಘಟಕ ಎಂದು ಹಿಡಿದರೆ ಬೈಕಿಗೆ 0.5, ಲಾರಿಗೆ 3, ಟ್ರೇಲರ್ ಹೂಡಿದ ಟ್ರ್ಯಾಕ್ಟರಿಗೆ 4.5, ಎತ್ತಿನ ಚಕ್ಕಡಿಗೆ 8. ಬಯಲು ಸೀಮೆಯ ದ್ವಿಪಥ ರಸ್ತೆ ದಿನಕ್ಕೆ ಇಂಥ 15,000 ಘಟಕಗಳನ್ನು ತಡೆದುಕೊಳ್ಳುತ್ತದೆ ಎಂಬುದು ರೂಢಿಯ ಅಂದಾಜು. ಚೀಲ ಹೇರಿದ ಒಂದೇ ಟ್ರ್ಯಾಕ್ಟರ್ ಮಾರುಕಟ್ಟೆಯ ಕಡೆಗೆ ಬಲಕ್ಕೆ ಹೊರಳುವುದನ್ನು ನಿಂತು ನೋಡು. ಮುಂದಿನ ಗಾಲಿ ತಿರುಗಿದರೂ ಟ್ರೇಲರ್ ಇನ್ನೂ ರಸ್ತೆಯಲ್ಲೇ ಅಡ್ಡ ಇರುತ್ತದೆ. ಎದುರಿನ ಬಸ್ಸು ನಿಲ್ಲುತ್ತದೆ, ಬಸ್ಸಿನ ಎಡಕ್ಕೆ ನುಸುಳಿದ ಆಟೋ ಸಿಕ್ಕಿಕೊಳ್ಳುತ್ತದೆ, ಅಷ್ಟರಲ್ಲಿ ಹಿಂದೆ ಸಾಲು ಬೆಳೆದಿರುತ್ತದೆ. ಅಂಥ ಜಾಗಕ್ಕೆ ಬೇಕಾದದ್ದು ತಿರುವಿಗೆ ಪ್ರತ್ಯೇಕ ಜಾಗ, ಕಾಯುವ ಲಾರಿಗಳಿಗೆ ಊರ ಹೊರಗೊಂದು ನಿಲುಗಡೆ. ಅವೆರಡೂ ಇಲ್ಲದೆ ಬರೀ ಅಗಲ ಮಾಡಿದರೆ ಹೊಸ ಅಗಲವೂ ಲಾರಿ ನಿಲ್ಲಿಸುವ ಜಾಗವಾಗುತ್ತದೆ.

ನಾನು ಅಗಲೀಕರಣದ ವಿರೋಧಿ ಎಂದು ತಿಳಿಯಬೇಡ. ಹುಬ್ಬಳ್ಳಿ-ಧಾರವಾಡ ಬೈಪಾಸನ್ನೇ ನೋಡು. ಬೆಂಗಳೂರು-ಪುಣೆ ಹೆದ್ದಾರಿಯೆಲ್ಲ ಚತುಷ್ಪಥವಾದ ಮೇಲೂ ಗಬ್ಬೂರಿನಿಂದ ನರೇಂದ್ರದವರೆಗಿನ ಸುಮಾರು 30 ಕಿ.ಮೀ. ದ್ವಿಪಥವಾಗಿಯೇ ಉಳಿಯಿತು, ನಡುವೆ ವಿಭಜಕವೂ ಇಲ್ಲದೆ. 2021ರ ಜನವರಿ 15ರಂದು ಇಟ್ಟಿಗಟ್ಟಿಯ ಹತ್ತಿರ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನಕ್ಕೆ ಟಿಪ್ಪರ್ ಎದುರಾಗಿ ಎಷ್ಟು ಮನೆಗಳ ದೀಪ ಆರಿತು! ಅಲ್ಲಿ ಆರು ಪಥದ ಕೆಲಸ ಕೈಗೆತ್ತಿಕೊಂಡದ್ದು ಆ ಸಾವುಗಳ ನಂತರ. ಎದುರುಬದುರು ವೇಗವಾಗಿ ಓಡುವ ವಾಹನಗಳನ್ನು ಬೇರ್ಪಡಿಸಲು ಅಗಲ ಬೇಕೇ ಬೇಕು. ಪೇಟೆಯೊಳಗಿನ ಕಷ್ಟ ಬೇರೆ ಜಾತಿಯದು, ಎರಡಕ್ಕೂ ಒಂದೇ ಮದ್ದು ಅರೆಯಬೇಡ.

ನೀರಿನ ಬಗ್ಗೆ ಎಚ್ಚರ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಓಡುವ ರಸ್ತೆಯಲ್ಲಿ ಜೋರು ಮಳೆ ಬಂದರೆ ಟೋಲ್‌ನಾಕಾದ ಹತ್ತಿರ ನೀರು ನಿಲ್ಲುವುದನ್ನು ನೀನೇ ಕಾಲೇಜಿಗೆ ಹೋಗುವಾಗ ನೋಡಿದ್ದೀಯೆ. ರಸ್ತೆ ಅಗಲವಾದಷ್ಟೂ ಮಳೆನೀರು ಇಂಗುವ ನೆಲ ಕಡಿಮೆ, ರಸ್ತೆಯ ಮಟ್ಟ ಏರಿದಷ್ಟೂ ಪಕ್ಕದ ಮನೆಯ ಹೊಸ್ತಿಲು ತಗ್ಗು. ಹಳೆಯ ರಸ್ತೆಗೆ ಹೊಸ ಪಟ್ಟಿ ಕೂಡುವ ಕಡೆ ಎರೆ ಮಣ್ಣಿದ್ದರೆ ಹಳೆಯ ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹೊಸ ಮಣ್ಣನ್ನು ಬಿಗಿಯಾಗಿ ದಮ್ಮಸು ಮಾಡಿಸು. ಇಲ್ಲದಿದ್ದರೆ ಕೂಡಿದ ಗೆರೆಯುದ್ದಕ್ಕೂ ಬಿರುಕು ಬಿಡುತ್ತದೆ. ಕಂಬ, ಕುಡಿಯುವ ನೀರಿನ ಕೊಳವೆಗಳ ಸ್ಥಳಾಂತರವನ್ನು ಡಾಂಬರಿಗಿಂತ ಮೊದಲೇ ಅಂದಾಜಿನಲ್ಲಿ ಸೇರಿಸು.

ಇನ್ನು ಜನರ ಮಾತು. ಹಿಂದೆ ಒಂದು ಊರಿನಲ್ಲಿ, ಯಾರೂ ಒಂದು ಮಾತು ಹೇಳದೆ, ಮನೆಗಳ ಗೋಡೆಗೆ ಕೆಂಪು ಬಣ್ಣದ ಗೆರೆ ಎಳೆದು ಹೋಗಿದ್ದರು. ಒಬ್ಬ ಮುದುಕಿ ಆ ಗೆರೆಯ ಮೇಲೆ ಕೈಯಿಟ್ಟು ‘ಇದರ ಒಳಗಿನದು ನಂದೋ, ಹೊರಗಿನದು ನಂದೋ?’ ಎಂದು ಕೇಳಿದಳು. ಉತ್ತರ ಕೊಡಬೇಕಾದವರು ಅಲ್ಲಿರಲಿಲ್ಲ. ಅಂಥ ಕೆಲಸ ನಿನ್ನಿಂದ ಆಗಬಾರದು ತಾಯಿ. ಗುರುತು ಹಾಕುವ ಮೊದಲು ನಕ್ಷೆ ಹಿಡಿದು ಮನೆಮನೆಗೆ ಹೋಗು. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ತಕರಾರು ಸಲ್ಲಿಸಲು 60 ದಿನ ಇರುತ್ತದೆ, ಪರಿಹಾರದ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ, ಅಂದರೆ ಸಾಂತ್ವನದ ಹೆಚ್ಚುವರಿ ಹಣ, ಸೇರುತ್ತದೆ ಎಂದು ಬಿಡಿಸಿ ಹೇಳು. ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ದುಡಿದು ಹೊಟ್ಟೆ ಹೊರೆಯುವ ಬಾಡಿಗೆದಾರರನ್ನೂ ಆ ಕಾಯ್ದೆ ಬಾಧಿತ ಕುಟುಂಬವೆಂದು ಗಣಿಸುತ್ತದೆ. ಚಹಾದಂಗಡಿಯವನಿಗೆ, ಪಂಚರ್ ಹಾಕುವವನಿಗೆ ಇದನ್ನು ಯಾರೂ ಹೇಳುವುದಿಲ್ಲ. ನೀನು ಹೇಳು.

ಸುಗ್ಗಿಯ ಎಣಿಕೆಯ ಹಾಳೆಗಳು ಕೈಗೆ ಬಂದ ಮೇಲೆ ಒಂದು ಭಾನುವಾರ ಹಾವೇರಿಗೆ ಬಾ. ಚರಂಡಿಯ ಮಟ್ಟ ಗುರುತಿಸಿದ ನಕ್ಷೆಯನ್ನೂ ತಾ, ಇಬ್ಬರೂ ಕೂತು ನೋಡೋಣ. ಅತ್ತೆ ನಿನ್ನನ್ನು ಕೇಳಿದ್ದಾಳೆ.

ಇಂತಿ,
ನಿನ್ನ ಮಾವ