ಟವರ್ ಎಣಿಸಿದ್ದು ಸಾಕು, ಇರುವ ಟವರ್‌ಗೆ ಕರೆಂಟ್ ಮತ್ತು ಎರಡನೇ ದಾರಿ ಕೊಡಿ

ಮಾನ್ಯ ಸಂಪಾದಕರೇ,

ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಆರು ದಶಕ ಲಾಂಚ್ ಕಾದ ತುಮರಿ, ಬ್ಯಾಕೋಡು, ಸಿಗಂದೂರು ಕಡೆಯ ಜನರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಜೋರು ಮಳೆ ಹಿಡಿದು ಕರೆಂಟ್ ಹೋಯಿತೆಂದರೆ, ಫೋನಿನ ಮಟ್ಟಿಗೆ ಶರಾವತಿ ಹಿನ್ನೀರಿನ ಆಚೆ ದಡ ಇಂದಿಗೂ ದ್ವೀಪವೇ. ಆಗ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಹೋಗುವುದಿಲ್ಲ, 108ಕ್ಕೆ ಕರೆ ಸೇರುವುದಿಲ್ಲ. ಕೋವಿಡ್ ಕಾಲದಲ್ಲಿ ಈ ಭಾಗದಿಂದ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಕೂಗು ಎದ್ದದ್ದೂ ಇದೇ ಸಂಕಟದಿಂದ. ಆ ಕೂಗಿಗೆ ಸಿಗುವ ಉತ್ತರ ಮಾತ್ರ ಪ್ರತಿ ಸಲವೂ ಒಂದೇ: ‘ಹೊಸ ಟವರ್ ಮಂಜೂರಾಗಿದೆ.’ ಟವರ್ ಬೇಡ ಎಂದು ನಾವು ಹೇಳುವುದಿಲ್ಲ. ಆದರೆ ನಿಂತಿರುವ ಟವರ್ ಯಾಕೆ ಸುಮ್ಮನಾಗುತ್ತದೆ ಎಂದು ಕೇಳದೆ ಇನ್ನೊಂದನ್ನು ನಿಲ್ಲಿಸಿದರೆ, ಮುಂದಿನ ಮಳೆಗಾಲದಲ್ಲಿ ಎರಡೂ ಒಟ್ಟಿಗೇ ಸುಮ್ಮನಾಗುತ್ತವೆ.

ಮೊದಲು ಕರೆಂಟಿನ ವಿಷಯ. ಟವರ್‌ನ ಉಪಕರಣ ನಡೆಯುವುದು 48 ವೋಲ್ಟ್ ಬ್ಯಾಟರಿಯ ಮೇಲೆ. ಒಂದೂವರೆ ಕಿಲೋವ್ಯಾಟ್ ಎಳೆಯುವ ಟವರ್ ಎಂದಿಟ್ಟುಕೊಳ್ಳಿ. ಅಂದರೆ ಸುಮಾರು 31 ಆಂಪಿಯರ್. 600 ಆಂಪಿಯರ್-ಅವರ್‌ನ ಹೊಸ ಸೀಸದ ಬ್ಯಾಟರಿಯನ್ನು ಶೇ 80ರಷ್ಟು ಖಾಲಿ ಮಾಡಿದರೆ 15 ಗಂಟೆ ನಡೆಯಬೇಕು. ಕಾಗದದ ಮೇಲೆ ಲೆಕ್ಕ ಚೆನ್ನಾಗಿದೆ. ಆದರೆ ಖಾಲಿಯಾದ ಆ ಬ್ಯಾಟರಿ ಮತ್ತೆ ತುಂಬಲು ಹತ್ತು ಗಂಟೆಗೂ ಹೆಚ್ಚು ಹೊತ್ತು ಒಳ್ಳೆಯ ವೋಲ್ಟೇಜಿನ ಕರೆಂಟ್ ಬೇಕು. ಆಷಾಢದಲ್ಲಿ ಮರ ಬಿದ್ದು ಲೈನ್ ಕಡಿಯುತ್ತಿರುವಾಗ ದಿನಕ್ಕೆ ಐದಾರು ಗಂಟೆ, ಅದೂ ತುಂಡು ತುಂಡಾಗಿ ಬರುವ ಕರೆಂಟಿನಲ್ಲಿ ಅದು ತುಂಬುವುದೇ ಇಲ್ಲ. ಅರೆಹೊಟ್ಟೆಯಲ್ಲಿ ಉಳಿದ ಸೀಸದ ಬ್ಯಾಟರಿಯ ಫಲಕದ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಶಕ್ತಿ ಮೂರನೇ ಒಂದಕ್ಕೆ ಇಳಿಯುತ್ತದೆ. 15 ಗಂಟೆ ಇದ್ದದ್ದು ನಾಲ್ಕೈದು ಗಂಟೆಗೆ ಬಂದು ನಿಲ್ಲುತ್ತದೆ. ‘ಕರೆಂಟ್ ಹೋಗಿ ನಾಲ್ಕು ಗಂಟೆಗೆ ಟವರ್ ಹೋಯ್ತು’ ಎಂದು ಜನ ಹೇಳುವ ಮಾತಿನ ಹಿಂದೆ ಇರುವುದು ಈ ಲೆಕ್ಕ.

ಇಂಥ ಕಡೆ ಸೀಸ ತೆಗೆದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಬೇಕು. ಅರೆಬರೆ ಚಾರ್ಜ್ ಆದರೂ ಅದಕ್ಕೆ ತೊಂದರೆಯಿಲ್ಲ. ಲೈನಿನ ಕರೆಂಟನ್ನು ಡಿಸಿ ಮಾಡಿ ಬ್ಯಾಟರಿ ತುಂಬುವ ರೆಕ್ಟಿಫೈಯರ್ ಸಾಕಷ್ಟು ದೊಡ್ಡದಿದ್ದರೆ ಮೂರು-ನಾಲ್ಕು ಗಂಟೆಯಲ್ಲಿ ತುಂಬುತ್ತದೆ. ಬ್ಯಾಟರಿ ಮಾತ್ರ ಬದಲಿಸಿ ರೆಕ್ಟಿಫೈಯರ್ ಹಳೆಯದನ್ನೇ ಬಿಟ್ಟರೆ ಹಾಕಿದ ಹಣ ದಂಡ. ಡೀಸೆಲ್ ಜನರೇಟರನ್ನು ಇಡೀ ದಿನ ಓಡಿಸುವುದೂ ತಪ್ಪು. ಕಡಿಮೆ ಭಾರದಲ್ಲಿ ಅದು ಗಂಟೆಗೆ ಎರಡು-ಎರಡೂವರೆ ಲೀಟರ್ ಕುಡಿಯುತ್ತದೆ, 100 ಲೀಟರ್ ಎರಡು ದಿನದ ಆಸುಪಾಸಿನಲ್ಲಿ ಮುಗಿಯುತ್ತದೆ. ದಿನಕ್ಕೆ ನಾಲ್ಕು ಗಂಟೆ ಪೂರ್ಣ ಭಾರದಲ್ಲಿ ಓಡಿಸಿ ಲಿಥಿಯಂ ತುಂಬಿಸಿ ನಿಲ್ಲಿಸಿದರೆ ಅದೇ ಡೀಸೆಲ್ ಹಲವು ದಿನ ಬರುತ್ತದೆ. ಸೋಲಾರ್ ಒಳ್ಳೆಯದೇ, ಆದರೆ ಮಲೆನಾಡಿನ ಜೂನ್–ಆಗಸ್ಟಿನಲ್ಲಿ ಅದನ್ನು ನೆಚ್ಚಿಕೊಳ್ಳಬಾರದು. ಹೆಚ್ಚು ಬೇಕಾದ ತಿಂಗಳುಗಳಲ್ಲೇ ಅದು ಕೈಕೊಡುತ್ತದೆ.

ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ಸಂಗತಿಯಿದೆ. ಎಲ್ಲ ಟವರ್‌ಗಳೂ ಸಮಾನವಲ್ಲ. ಒಂದು ಟವರ್‌ನಿಂದ ಮೈಕ್ರೋವೇವ್ ಡಿಶ್ ಮೂಲಕ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಸರಪಳಿ ಸಾಗುತ್ತದೆ. ಸರಪಳಿಯ ಬುಡದ ಟವರ್ ಆರಿದರೆ ಅದರಾಚೆಯ ನಾಲ್ಕು ಟವರ್‌ಗಳಲ್ಲಿ ಕರೆಂಟಿದ್ದರೂ ಉಪಯೋಗವಿಲ್ಲ. ಫೋನಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಕಾಣುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಹಣ ಕಡಿಮೆಯಿದ್ದರೆ ಅದನ್ನು ಎಲ್ಲ ಟವರ್‌ಗೆ ಹಂಚದೆ ಮೊದಲು ಬುಡದ ಟವರ್‌ಗೆ ಎರಡು ದಿನದ ಬ್ಯಾಕಪ್ ಕೊಡಬೇಕು.

ಇನ್ನು ಟವರ್‌ನಿಂದ ಹೊರಗೆ ಕರೆ, ದತ್ತಾಂಶ ಹೋಗುವ ದಾರಿ. ಎರಡು ಕಂಪನಿಯ ಸಿಮ್ ಇಟ್ಟುಕೊಂಡವರು ಒಂದು ಹೋದರೆ ಇನ್ನೊಂದು ಇರುತ್ತದೆ ಎಂದು ನೆಮ್ಮದಿಯಿಂದಿರುತ್ತಾರೆ. ಎರಡೂ ಕಂಪನಿ ಒಂದೇ ಕಂಬದಲ್ಲಿದ್ದು, ಒಂದೇ ಫೈಬರ್ (ಬೆಳಕಿನಲ್ಲಿ ದತ್ತಾಂಶ ಒಯ್ಯುವ ಗಾಜಿನ ನಾರಿನ ಕೇಬಲ್) ಬಳಸುತ್ತಿದ್ದರೆ ರಸ್ತೆ ಅಗೆಯುವ ಒಂದು ಜೆಸಿಬಿಗೆ ಎರಡೂ ಒಟ್ಟಿಗೆ ಹೋಗುತ್ತವೆ. ಈ ಊರುಗಳಿರುವ ಕರೂರು ಹೋಬಳಿಗೆ ಬೇಕಾದದ್ದು ಉಂಗುರದಂತೆ ಸುತ್ತಿ ಬರುವ ಫೈಬರ್. ಒಂದು ಕಡೆ ಸೇತುವೆಯ ಮೇಲಿಂದ ಸಾಗರಕ್ಕೆ, ಇನ್ನೊಂದು ಕಡೆ ನೆಲದ ಮೇಲೇ ನಾಗೋಡಿ, ನಿಟ್ಟೂರು ಮೂಲಕ ಹೊಸನಗರಕ್ಕೆ. ಎಲ್ಲಿ ತುಂಡಾದರೂ ದತ್ತಾಂಶ ಹಿಂದಿರುಗಿ ಇನ್ನೊಂದು ದಿಕ್ಕಿನಿಂದ ಹೋಗುತ್ತದೆ. ಲಾಂಚ್ ಮಾತ್ರ ಇದ್ದ ಕಾಲದಲ್ಲಿ ಇದು ಕನಸು. ಈಗ ಎರಡು ಕಿ.ಮೀ.ಗೂ ಮೀರಿದ ಸೇತುವೆ ಕಣ್ಣೆದುರಿಗಿದೆ. ಅದರ ಮೇಲೆ ಫೈಬರ್ ಹಾಯಿಸಲು 40 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು ಕನಿಷ್ಠ ನಾಲ್ಕು ಇರಲಿ. ಇಂದಿನ ಬಳಕೆಗೆ ಒಂದು, ಉಳಿದವು ಮುಂದಿನವರಿಗೆ, ಯಾರ ಒಬ್ಬರ ಸೊತ್ತೂ ಆಗದಂತೆ. ಬಿಸಿಲು-ಚಳಿಗೆ ಸೇತುವೆ ಹಿಗ್ಗಿ ಕುಗ್ಗುವ ಪ್ರತಿ ಸಂದಿನಲ್ಲಿ ಪೈಪು ಜಾರುವಂಥ ಕಪ್ಲರ್ ಹಾಕಬೇಕು, ಎರಡೂ ತುದಿಯ ಗುಂಡಿಯಲ್ಲಿ 20 ಮೀಟರ್‌ನಷ್ಟು ಕೇಬಲ್ ಸುತ್ತಿ ಬಿಡಬೇಕು. ಬಿಗಿಯಾಗಿ ಎಳೆದು ಕಟ್ಟಿದರೆ ಮೊದಲ ಬೇಸಿಗೆಯಲ್ಲೇ ನಾರು ಎಳೆದಂತಾಗಿ ಬೆಳಕು ಸೋರುತ್ತದೆ. 2025ರ ಜನವರಿ 1ರಿಂದ ಜಾರಿಯಲ್ಲಿರುವ ದೂರಸಂಪರ್ಕ ಮಾರ್ಗಾಧಿಕಾರ (ಕೇಬಲ್ ಹಾಯಿಸಲು ಜಾಗ ಬಳಸುವ ಹಕ್ಕು) ನಿಯಮಗಳಡಿ ಇದಕ್ಕೆ ಅನುಮತಿ ಕೇಳಲು ಅವಕಾಶವಿದೆ.

ಇದು ಅಸಾಧ್ಯದ ಮಾತಲ್ಲ. ಚೆನ್ನೈನಿಂದ ಅಂಡಮಾನ್‌ಗೆ ಸುಮಾರು 2,300 ಕಿ.ಮೀ. ಕೇಬಲ್ ಸಮುದ್ರದ ತಳದಲ್ಲಿ ಹೋಗಿ 2020ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಕೊಚ್ಚಿಯಿಂದ ಲಕ್ಷದ್ವೀಪದ 11 ದ್ವೀಪಗಳಿಗೆ ಹೋದ ಕೇಬಲ್ 2024ರ ಜನವರಿ 3ರಂದು ಶುರುವಾಯಿತು. ಅದಕ್ಕೂ ಮೊದಲು ಅಲ್ಲಿನವರು 36,000 ಕಿ.ಮೀ. ಮೇಲಿನ ಉಪಗ್ರಹವನ್ನು ನೆಚ್ಚಿದ್ದರು. ಅದರಲ್ಲಿ ಒಂದು ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡ್ ಬೇಕು. ಸಾವಿರಾರು ಕಿ.ಮೀ. ಕಡಲು ದಾಟಿಸಿದ ದೇಶಕ್ಕೆ ಈ ಹಿನ್ನೀರು ದಾಟುವುದು ಕಷ್ಟವಾಗಬಾರದು.

ಫೈಬರ್ ಬರುವ ತನಕ, ಬಂದ ಮೇಲೂ ಮೂರನೇ ಆಸರೆಯಾಗಿ, ನೀರಿನ ಮೇಲೆ ಡಿಶ್‌ನಿಂದ ಡಿಶ್‌ಗೆ ರೇಡಿಯೋ ಲಿಂಕ್ ಬೇಕಾಗುತ್ತದೆ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ನಡುವೆ ಮರವಿಲ್ಲ, ಗುಡ್ಡವಿಲ್ಲ, ಎದುರಿನ ದಡ ಕಾಣುತ್ತದೆ, ಇನ್ನೇನು ಬೇಕು ಎನ್ನುತ್ತಾರೆ. ನೀರು ಕನ್ನಡಿಯಿದ್ದಂತೆ. ನೇರ ಬಂದ ಅಲೆ, ನೀರಿಗೆ ಬಡಿದು ಬಂದ ಅಲೆ ಎರಡೂ ಡಿಶ್ ಸೇರಿ ಕೆಲವೊಮ್ಮೆ ಒಂದನ್ನೊಂದು ಅಳಿಸುತ್ತವೆ. ಜಲಾಶಯ 1,819 ಅಡಿ ತುಂಬಿದ ಅಕ್ಟೋಬರಿನಲ್ಲಿ ಸರಿಯಾಗಿ ಕೂರಿಸಿದ ಲಿಂಕ್, ನೀರು ಹತ್ತಾರು ಅಡಿ ಇಳಿದ ಏಪ್ರಿಲಿನಲ್ಲಿ ಕಾರಣವಿಲ್ಲದೆ ಕುಂಟಿದಂತೆ ಕಾಣುವುದು ಇದರಿಂದಲೇ. ಡಿಶ್ ಸರಿದಿಲ್ಲ, ಕನ್ನಡಿ ಸರಿದಿದೆ. ಉಡುಪಿಯ ಕುದ್ರುಗಳಲ್ಲಿ (ಹೊಳೆ ನಡುವಿನ ದ್ವೀಪಗಳಲ್ಲಿ) ಉಬ್ಬರವಿಳಿತಕ್ಕೆ ಇದೇ ತೊಂದರೆ ದಿನಕ್ಕೆ ಎರಡು ಸಲ ಬರುತ್ತದೆ. ಒಂದು ತುದಿಯನ್ನು ಗುಡ್ಡದ ಮೇಲೆ, ಇನ್ನೊಂದನ್ನು ತಗ್ಗಿನಲ್ಲಿ ಇಟ್ಟರೆ ಪ್ರತಿಫಲನದ ಜಾಗ ತಗ್ಗಿನ ದಡದ ಕಡೆಗೆ ಸರಿಯುತ್ತದೆ. ಅಲ್ಲಿ ಮರಗಿಡವಿದ್ದರೆ ಪ್ರತಿಫಲನ ಸಾಯುತ್ತದೆ. ಆಗದಿದ್ದರೆ ಒಂದೇ ಕಂಬದಲ್ಲಿ ಕೆಲವು ಮೀಟರ್ ಅಂತರ ಬಿಟ್ಟು ಮೇಲೊಂದು, ಕೆಳಗೊಂದು ಡಿಶ್ ಹಾಕಬೇಕು. ಒಂದರಲ್ಲಿ ಅಳಿದದ್ದು ಇನ್ನೊಂದರಲ್ಲಿ ಉಳಿಯುತ್ತದೆ. ಎರಡೂವರೆ ಕಿ.ಮೀ. ದೂರಕ್ಕೆ 5.8 ಗಿಗಾಹರ್ಟ್ಸ್ ಬಳಸಿದರೆ, ನಡುಮಧ್ಯದಲ್ಲಿ ನೋಟದ ರೇಖೆಗಿಂತ ಕೆಳಗೆ ಕನಿಷ್ಠ ಮೂರೂವರೆ ಮೀಟರ್ ತೆರಪು ಇರಬೇಕು, ಅದೂ ಜಲಾಶಯ ಪೂರ್ತಿ ತುಂಬಿದಾಗಿನ ಮಟ್ಟದಿಂದ ಅಳೆದು. ಮಳೆ ಈ ತರಂಗಕ್ಕೆ ಅಷ್ಟಾಗಿ ತಾಗುವುದಿಲ್ಲ. ಹೆಚ್ಚು ವೇಗ ಸಿಗುತ್ತದೆಂದು 80 ಗಿಗಾಹರ್ಟ್ಸ್ ಉಪಕರಣ ತಂದರೆ ಮಲೆನಾಡಿನ ಜಡಿಮಳೆ ಸಿಗ್ನಲ್‌ನ ಬಲವನ್ನು ಕಿ.ಮೀ.ಗೆ 15 ಡೆಸಿಬಲ್‌ಗೂ ಹೆಚ್ಚು ನುಂಗುತ್ತದೆ.

ಮನೆಯ ಮಟ್ಟದಲ್ಲೂ ಮಾಡಬಹುದಾದ್ದು ಬಹಳ ಇದೆ. ಫೈಬರ್ ಸಂಪರ್ಕ ಇದ್ದರೆ, ಕೇಂದ್ರದಿಂದ ಮನೆಯ ತನಕ ದಾರಿಯಲ್ಲಿ ಎಲ್ಲೂ ಕರೆಂಟ್ ಬೇಡ. ಎರಡು ತುದಿಯಲ್ಲಿ ಇದ್ದರೆ ಸಾಕು. ಮನೆಯ ಫೈಬರ್ ಪೆಟ್ಟಿಗೆ ಮತ್ತು ವೈಫೈ ಸೇರಿ 15 ವ್ಯಾಟ್ ಆಸುಪಾಸು. 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯಿಂದ 12 ವೋಲ್ಟ್ ರೆಗ್ಯುಲೇಟರ್ ಮೂಲಕ ನೇರ ಕೊಟ್ಟರೆ ಮೂರು ದಿನ ಬರುತ್ತದೆ. ಇನ್ವರ್ಟರ್ ಹಾಕಿ 230 ವೋಲ್ಟ್ ಮಾಡಿ, ಮತ್ತೆ ಅಡಾಪ್ಟರಿನಲ್ಲಿ 12ಕ್ಕೆ ಇಳಿಸಿದರೆ ಇನ್ವರ್ಟರೇ 20 ವ್ಯಾಟ್ ತಿಂದು ಒಂದೂವರೆ ದಿನಕ್ಕೆ ಮುಗಿಸುತ್ತದೆ. ಅಷ್ಟು ದೊಡ್ಡದು ಬೇಡವೆಂದರೆ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯ ಸಣ್ಣ ಯುಪಿಎಸ್ ನಾಲ್ಕು ಗಂಟೆ ನಡೆಸುತ್ತದೆ. ಆದರೆ ಇನ್ನೊಂದು ತುದಿ ಪಂಚಾಯ್ತಿ ಕಚೇರಿಯಲ್ಲಿದ್ದು, ಸಂಜೆ ಮೇನ್ ಸ್ವಿಚ್ ಆರಿಸಿ ಬೀಗ ಹಾಕಿದರೆ ಇದೆಲ್ಲ ವ್ಯರ್ಥ. ಆ ಉಪಕರಣಕ್ಕೆ ಪ್ರತ್ಯೇಕ ಲೈನ್, ಪ್ರತ್ಯೇಕ ಬ್ಯಾಟರಿ ಬೇಕು ಎಂದು ಗ್ರಾಮಸಭೆಯಲ್ಲೇ ಬರೆಸಿ.

ತೋಟದೊಳಗೆ ಕೇಬಲ್ ಎಳೆಯುವವರು ಅಡಿಕೆ ಮರಕ್ಕೆ ಕಟ್ಟುವುದನ್ನು ಬಿಡಬೇಕು. ಗಾಳಿಗೆ ಮರ ತೊನೆದಾಡಿದಷ್ಟೂ ಕೇಬಲ್ ಒಂದೇ ಜಾಗದಲ್ಲಿ ಮಡಚಿ ಒಳಗಿನ ನಾರು ಸೀಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕಂಬ ನೆಟ್ಟು ಕ್ಲ್ಯಾಂಪ್ ಹಾಕಿ, ಜೋಲು ಬಿಟ್ಟು ಕಟ್ಟಬೇಕು. ಉಕ್ಕಿನ ತಂತಿ ಇರುವ ಕೇಬಲ್ ಬದಲು ಲೋಹವಿಲ್ಲದ ಎಫ್‌ಆರ್‌ಪಿ (ಗಾಜಿನ ನಾರು ಸೇರಿದ ಪ್ಲಾಸ್ಟಿಕ್) ಕಡ್ಡಿಯ ಕೇಬಲ್ ಕೇಳಿ, ಸಿಡಿಲು ಮನೆಯೊಳಗೆ ಬರುವ ಒಂದು ದಾರಿ ತಪ್ಪುತ್ತದೆ. ಹಸಿರು ತುದಿಯ ಕನೆಕ್ಟರ್‌ಗೆ ನೀಲಿ ತುದಿಯದು ಕೂಡಿಸಬೇಡಿ, ಕೂತಂತೆ ಕಂಡರೂ ಬೆಳಕು ಸೋರುತ್ತದೆ. ಸಂಪರ್ಕ ಕೊಟ್ಟ ದಿನ ಮೀಟರ್ ಇಟ್ಟು ಬೆಳಕಿನ ಮಟ್ಟ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅದರ ಬಲದ ಅಳತೆ ಡಿಬಿಎಂ; ಮೈನಸ್ ಸಂಖ್ಯೆ ಸೊನ್ನೆಯಿಂದ ದೂರವಾದಷ್ಟೂ ಬಲ ಕಡಿಮೆ. ಮೈನಸ್ 27 ಡಿಬಿಎಂ ಎಂದರೆ ಅಂಚು. ಮೈನಸ್ 25ರಲ್ಲಿ ಬಿಟ್ಟುಹೋದರೆ ಬೇಸಿಗೆಯಲ್ಲಿ ನಡೆದು ಮೊದಲ ಮಳೆಗೆ ಕೆಂಪು ದೀಪ ಮಿನುಗುತ್ತದೆ. ಮೈನಸ್ 23 ಅಥವಾ ಅದಕ್ಕಿಂತ ಚೆನ್ನಾಗಿರುವ ತನಕ ಕೆಲಸ ಮುಗಿಯಿತೆಂದು ಒಪ್ಪಬೇಡಿ.

ಫೈಬರ್ ಇಲ್ಲದ ಮನೆಗೆ 4ಜಿ ರೂಟರ್ ಮತ್ತು ಹೊರಗಿನ ಆಂಟೆನಾ. ಕಡ್ಡಿ ಎಣಿಸಬೇಡಿ. ಫೋನಿನ ಸಿಮ್ ಸ್ಥಿತಿ ಪುಟದಲ್ಲಿ ಡಿಬಿಎಂ ಸಂಖ್ಯೆ ನೋಡಿ. ಮೈನಸ್ 100ರ ತನಕ ಚಿಂತೆಯಿಲ್ಲ, 110 ದಾಟಿದರೆ ಎಳೆದಾಟ, 118 ದಾಟಿದರೆ ಕರೆ ಕಡಿಯುತ್ತದೆ. ಹಿನ್ನೀರಿಗೆ ಮುಖ ಮಾಡಿದ ಗುಡ್ಡದ ಮನೆಗಳಲ್ಲಿ ಸಂಖ್ಯೆ ಚೆನ್ನಾಗಿದ್ದೂ ಇಂಟರ್‌ನೆಟ್ ತೆವಳುವುದುಂಟು. ನೀರಿನ ಮೇಲೆ ದೂರದ ಮೂರು-ನಾಲ್ಕು ಟವರ್‌ಗಳ ಸದ್ದು ಒಟ್ಟಿಗೆ ಬಂದು ಕಲಸಿಹೋಗಿರುತ್ತದೆ. ಅಂಥಲ್ಲಿ ಒಂದೇ ದಿಕ್ಕಿಗೆ ನೋಡುವ ಆಂಟೆನಾ ಎರಡು, ಒಂದಕ್ಕೊಂದು ಅಡ್ಡವಾಗಿ 45 ಡಿಗ್ರಿ ಓರೆಯಲ್ಲಿ ಹಾಕಿದರೆ ಗುಣ ಕಾಣುತ್ತದೆ. ಆದರೆ ಮಾಡಿನ ಮೇಲಿಂದ ಸಪೂರ ಕೇಬಲ್ಲನ್ನು 10 ಮೀಟರ್ ಇಳಿಸಿದರೆ ಏಳೆಂಟು ಡೆಸಿಬಲ್ ಅದರಲ್ಲೇ ಕರಗಿ, ಆಂಟೆನಾ ಗಳಿಸಿದ್ದೆಲ್ಲ ಹೋಗುತ್ತದೆ. ರೂಟರನ್ನೇ ನೀರು ಹೋಗದ ಪೆಟ್ಟಿಗೆಯಲ್ಲಿ ಆಂಟೆನಾ ಬುಡದಲ್ಲಿಟ್ಟು, ಕರೆಂಟನ್ನೂ ಒಯ್ಯುವ ನೆಟ್‌ವರ್ಕ್ ಕೇಬಲ್ ಇಳಿಸಿ. ಅದು 100 ಮೀಟರ್ ತನಕ ನಡೆಯುತ್ತದೆ. ಕಂಬಕ್ಕೆ ಅರ್ಥಿಂಗ್, ಕೇಬಲ್ಲಿಗೆ ಸರ್ಜ್ ಪ್ರೊಟೆಕ್ಟರ್ ಇಲ್ಲದೆ ಏಪ್ರಿಲ್–ಮೇ ಗುಡುಗಿನ ಮಳೆಗೆ ಬಿಡಬೇಡಿ. ಮನೆಯಲ್ಲಿ ಯಾವುದೇ ಬ್ರಾಡ್‌ಬ್ಯಾಂಡ್ ಇದ್ದರೂ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಟವರ್ ಇಲ್ಲದಿದ್ದರೂ ಕರೆ ಹೋಗುತ್ತದೆ, ಬರುತ್ತದೆ.

ಆನ್‌ಲೈನಿನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಮಾತ್ರ ಯಾರೂ ತರಬೇಡಿ. ಪರವಾನಗಿಯಿಲ್ಲದೆ ಅದನ್ನು ಹಾಕುವುದು ಕಾನೂನುಬಾಹಿರ. ಅದಕ್ಕಿಂತ ಮುಖ್ಯವಾಗಿ, ಅದು ಟವರ್‌ನ ಕಿವಿಯಲ್ಲಿ ಕಿರುಚುತ್ತದೆ. ನಿಮ್ಮ ಮನೆಯಲ್ಲಿ ಎರಡು ಕಡ್ಡಿ ಏರಿದಾಗ ಸುತ್ತಲಿನ ಹತ್ತು ಮನೆಯವರ ಕರೆ ಟವರ್‌ಗೆ ಕೇಳಿಸದಂತಾಗುತ್ತದೆ.

ಸರ್ಕಾರದ ನಿಧಿಯಿಂದ ನಿಂತ 4ಜಿ ಟವರ್‌ಗಳಲ್ಲಿ ಒಂದು ಕಂಪನಿಯ ಸಿಮ್‌ಗೆ ಇನ್ನೊಂದರ ಸೇವೆ ಸಿಗುವ ವ್ಯವಸ್ಥೆ 2025ರ ಜನವರಿಯಲ್ಲಿ ಶುರುವಾಗಿದೆ. ಫೋನಿನಲ್ಲಿ ನೆಟ್‌ವರ್ಕ್ ಆಯ್ಕೆ ‘ಆಟೊಮ್ಯಾಟಿಕ್’ ಇದ್ದರೆ ಮಾತ್ರ ಅದರ ಲಾಭ. ಕೈಯಾರೆ ಒಂದೇ ಕಂಪನಿ ಆರಿಸಿಟ್ಟವರಿಗೆ ಇಲ್ಲ.

ಕೊನೆಗೆ ನಿಯಮದ ಒಂದು ತೂತು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಸೇವಾ ಗುಣಮಟ್ಟ ನಿಯಮಗಳಲ್ಲಿ, ಸೇವೆ 24 ಗಂಟೆಗೂ ಹೆಚ್ಚು ನಿಂತರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಆ ದಿನಗಳ ಬಾಡಿಗೆ ಕಡಿತ, ಪ್ರಿಪೇಯ್ಡ್ ಗ್ರಾಹಕರಿಗೆ ಅಷ್ಟು ದಿನದ ವ್ಯಾಲಿಡಿಟಿ ಕೊಡಬೇಕೆಂದಿದೆ. ಆದರೆ ಅಳತೆ ಜಿಲ್ಲೆಯದು. ಇಡೀ ಶಿವಮೊಗ್ಗ ಜಿಲ್ಲೆ ಸ್ತಬ್ಧವಾದರೆ ಅದು ಸ್ಥಗಿತ. ಕರೂರು ಹೋಬಳಿಯ ನಾಲ್ಕು ಪಂಚಾಯ್ತಿ ಆರು ದಿನ ಮೂಕವಾದರೆ ಲೆಕ್ಕಕ್ಕೆ ಬರುವುದಿಲ್ಲ. ನೀರು ಸುತ್ತಿದ ಊರುಗಳಿಗೆ, ಲಿಂಗಸುಗೂರಿನ ಕೃಷ್ಣಾ ನಡುಗಡ್ಡೆಗಳಿರಲಿ, ಇಲ್ಲಿಯ ಹಿನ್ನೀರಿನ ಊರುಗಳಿರಲಿ, ಗ್ರಾಮ ಪಂಚಾಯ್ತಿಯೇ ಅಳತೆಯಾಗಬೇಕು. ನಮ್ಮ ಸಂಸದರು ಟ್ರಾಯ್‌ಗೆ ಬರೆಯಬೇಕಾದ್ದು ಇದನ್ನು. ಜನರೂ ‘ನೆಟ್‌ವರ್ಕ್ ಇಲ್ಲ’ ಎಂದಷ್ಟೇ ದೂರಬಾರದು. ಯಾವ ದಿನ, ಎಷ್ಟು ಗಂಟೆಗೆ ಕರೆಂಟ್ ಹೋಯಿತು, ಎಷ್ಟಕ್ಕೆ ಟವರ್ ಹೋಯಿತು, ಎರಡೂ ಯಾವಾಗ ಬಂದವು ಎಂಬ ನಾಲ್ಕು ಸಮಯ ಬರೆದು 198ಕ್ಕೆ ದೂರು ಕೊಟ್ಟು ಡಾಕೆಟ್ ಸಂಖ್ಯೆ ಪಡೆಯಬೇಕು. ಪರಿಹಾರ ತೃಪ್ತಿಯಾಗದಿದ್ದರೆ ಅದೇ ಸಂಖ್ಯೆ ಹಿಡಿದು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಆ ನಾಲ್ಕು ಸಮಯದಿಂದ ಬ್ಯಾಟರಿ ಸತ್ತದ್ದೋ ಫೈಬರ್ ಹರಿದದ್ದೋ ಎಂಬುದು ಬಲ್ಲವರಿಗೆ ಓದುತ್ತಿದ್ದಂತೆ ತಿಳಿಯುತ್ತದೆ.

ಇದೇ ಹಿನ್ನೀರಿನ ಇನ್ನೊಂದು ಸೇತುವೆಯಾದ ಹಸಿರುಮಕ್ಕಿಗೂ ಫೈಬರ್ ಪೈಪಿನ ಮಾತು ಇದೇ. ಕಾಂಕ್ರೀಟು ಹಾಕುವಾಗಲೇ ನಾಲ್ಕು ಪೈಪಿಗೆ ಜಾಗ ಬಿಡುವುದಕ್ಕೂ, ಆಮೇಲೆ ಬದಿಯಲ್ಲಿ ಬ್ರಾಕೆಟ್ ಕೊರೆದು ಕೂರಿಸುವುದಕ್ಕೂ ಖರ್ಚಿನಲ್ಲಿ ಬಹಳ ಅಂತರವಿದೆ.

ಇಂತಿ,
ದೂರಸಂಪರ್ಕ ಜಾಲದ ಕೆಲಸ ಬಲ್ಲ ಕೆಲವು ಓದುಗರು
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ