ಆ ಕೈ ಯಾರದ್ದು ಸ್ವಾಮಿ?

ಮಾನ್ಯ ಸಂಪಾದಕರೇ,

ನಮ್ಮೂರ ಪ್ರದರ್ಶನದಲ್ಲಿ ಸತ್ತವರ ನಿಜವಾದ ದೇಹ, ಅಂಗಾಂಗ ಜಾಡಿಯಲ್ಲಿಟ್ಟು ತೋರಿಸುವ 'ದೇಹದ ಮಳಿಗೆ'ಗೆ ಜನವೋ ಜನ ಅಂತ ನಿನ್ನೆ ಫೋಟೊ ಸಮೇತ ಹಾಕಿದ್ದೀರಿ. ಆ ಕ್ಯೂನಲ್ಲಿ ನಾನೂ ಇದ್ದೆ. ಪೈಪಿಗೆ ಅಂತ ಅಗೆದು ಬಿಟ್ಟ ರಸ್ತೆ ದಾಟಿ, ಪಾರ್ಕಿಂಗಿಗೆ ದುಡ್ಡು ಕೊಟ್ಟು, ಟಿಕೆಟಿಗೆ ಬೇರೆ ಕೊಟ್ಟು, ಮೊಮ್ಮಗನ ಜೊತೆ ಬಿಸಿಲಲ್ಲಿ ನಿಂತು ಒಳಗೆ ಹೋದದ್ದು.

ಗಾಜಿನ ಜಾಡಿಯಲ್ಲಿ ಒಂದು ಕೈ. ಚರ್ಮ ಬಿಳುಚಿಕೊಂಡಿದೆ, ಮುಂಗೈ ಮೇಲೆ ಹಸಿರು ಹಚ್ಚೆಯ ಚುಕ್ಕಿ ಇನ್ನೂ ಕಾಣುತ್ತದೆ. ಇದು ಯಾರದ್ದಪ್ಪಾ ಅಂದರೆ, 'ಫಾರಿನ್‌ದು ಅಂಕಲ್, ಮುಂದೆ ನಡೀರಿ' ಅಂದ ಅಲ್ಲಿದ್ದ ಹುಡುಗ. ನಮ್ಮ ಅಜ್ಜಿಯರ ಹಚ್ಚೆ ಫಾರಿನ್‌ನಲ್ಲೂ ಹಾಕಿಸ್ತಾರೆ ಅಂತ ಗೊತ್ತಿರಲಿಲ್ಲ!

ನನ್ನ ತಮ್ಮನಿಗೆ ಚಿಕ್ಕಪ್ಪನ ಮಗ ಕಿಡ್ನಿ ಕೊಡಲು ಬಂದಾಗ ಪಟ್ಟ ಪಾಡು ನೆನಪಾಯಿತು. 1994ರ ಅಂಗಾಂಗ ಕಸಿ ಕಾನೂನಿನ ಪ್ರಕಾರ ಹತ್ತಿರದ ಸಂಬಂಧ ಅಂದರೆ ಗಂಡ-ಹೆಂಡತಿ, ಅಪ್ಪ-ಅಮ್ಮ, ಮಕ್ಕಳು, ಒಡಹುಟ್ಟಿದವರು, ಅಜ್ಜ-ಅಜ್ಜಿ, ಮೊಮ್ಮಕ್ಕಳು. ಚಿಕ್ಕಪ್ಪನ ಮಗ ಅದರಲ್ಲಿಲ್ಲ. ಹಾಗಾಗಿ ಅಂಗದಾನಕ್ಕೆ ಅನುಮತಿ ಕೊಡುವ ಸಮಿತಿ ಮುಂದೆ ಹೋಗಬೇಕು. ವಂಶವೃಕ್ಷ, ಅಫಿಡವಿಟ್, ಹಳೇ ಫೋಟೊ ಎಲ್ಲಾ ತರಬೇಕು. ವಂಶವೃಕ್ಷ ಕೊಡಬೇಕಾದ ಸಾಹೇಬರು ಸೀಟಿನಲ್ಲೇ ಇರುತ್ತಿರಲಿಲ್ಲ. ಇದ್ದ ದಿನ ಸರ್ವರ್ ಇರುತ್ತಿರಲಿಲ್ಲ. ಹೋಗಲಿ, ದುಡ್ಡಿಗೆ ಅಂಗಾಂಗ ಮಾರಬಾರದು ಅಂತ ತಾನೇ ಆ ಬಿಗಿ? ಮಾರಿದರೆ 10 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಸರಿಯೇ.

ಹಾಗಾದರೆ ಜಾಡಿಯಲ್ಲಿರುವವರಿಗೆ ಒಪ್ಪಿಗೆ ಬೇಡವಾ?

ಬ್ರಿಟನ್ನಿನಲ್ಲೂ ಇದೇ ಕಥೆ. ಅಲ್ಲಿಯವರು ಹೊರದೇಶಕ್ಕೆ ಹೋಗಿ ಅಂಗಾಂಗ ಕೊಂಡರೂ ಅಪರಾಧ ಅಂತ 2022ರಲ್ಲಿ ಕಾನೂನು ತಂದರು. ಆದರೆ 2004ರ ಅವರ ಕಾನೂನಿನಲ್ಲಿ, ಪ್ರದರ್ಶನಕ್ಕೆ ಹೊರಗಿಂದ ತರಿಸಿದ ದೇಹಕ್ಕೆ ಒಪ್ಪಿಗೆಯ ಕಡ್ಡಾಯವೇ ಇರಲಿಲ್ಲ! ಫ್ರಾನ್ಸೇ ವಾಸಿ. ಪ್ಯಾರಿಸ್‌ನಲ್ಲಿ ನಡೆಯುತ್ತಿದ್ದ ಇಂಥದ್ದೊಂದು ಪ್ರದರ್ಶನವನ್ನು 2009ರಲ್ಲಿ ಕೋರ್ಟೇ ಮುಚ್ಚಿಸಿತು. ನಮ್ಮ ರಾಜ್ಯದಲ್ಲಿ 1957ರ ಅಂಗರಚನಾ ಕಾಯ್ದೆ ಇದೆ, ವಾರಸುದಾರರಿಲ್ಲದ ಶವ ವೈದ್ಯಕೀಯ ಕಾಲೇಜಿಗೆ ಹೋಗುತ್ತದೆ. ಅದು ಪಾಠಕ್ಕೆ. ಪಕ್ಕದಲ್ಲಿ ಗೋಬಿ ಮಂಚೂರಿ ಅಂಗಡಿ ಇಟ್ಟುಕೊಂಡು ಟಿಕೆಟ್ ಹರಿಯಲಿಕ್ಕಾ?

ಉದ್ಘಾಟನೆಗೆ ಬಂದ ದೊಡ್ಡ ಅಧಿಕಾರಿಗಳು ರಿಬ್ಬನ್ ಕತ್ತರಿಸಿ, ಹಾರ ಹಾಕಿಸಿಕೊಂಡು ಹೋದರು. ಒಬ್ಬರಾದರೂ ಕಾಗದ ಕೇಳಿದರಾ? ನಮ್ಮಂಥವರು ಒಂದು ಜೆರಾಕ್ಸ್ ಕಮ್ಮಿ ತಂದರೆ ಮಾತ್ರ ಇವರಿಗೆ ಕಾನೂನು ನೆನಪಾಗುತ್ತದೆ.

ಮಳಿಗೆ ಕೂಡಲೇ ಮುಚ್ಚಿಸಲಿ. ಇಲ್ಲ, ಪ್ರತಿ ಜಾಡಿ ಪಕ್ಕ ಒಪ್ಪಿಗೆ ಪತ್ರ ಅಂಟಿಸಲಿ. ಎರಡೂ ಕೈಲಾಗದಿದ್ದರೆ ಆ ರಸ್ತೆಯ ಗುಂಡಿಯನ್ನಾದರೂ ಮುಚ್ಚಲಿ. ಸಂಬಳ ತಗೊಳ್ತಾರಲ್ಲ!

– ನೊಂದ ಓದುಗ, ವಿದ್ಯಾನಗರ, ದಾವಣಗೆರೆ