ಲೆಕ್ಕ ಬಾರದ್ದೋ, ಪ್ರಶ್ನೆ ಅರ್ಥವಾಗದ್ದೋ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಏಳನೇ ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಲೆಕ್ಕದಲ್ಲಿ ಹಿಂದೆ, ಮನೆಯವರಿಗೆ ಗಮನವೇ ಇಲ್ಲ ಎಂದು ಬರೆದಿದ್ದೀಯ. ಅಷ್ಟು ಬೇಗ ತೀರ್ಪು ಕೊಡಬೇಡ ಮಾರಾಯಾ. ನಮ್ಮ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕದ ಕಡೆ ಕನ್ನಡ ಶಾಲೆಗೆ ಬರುವವರಲ್ಲಿ ತೋಟದ ಕೆಲಸದವರ, ಬೀಡಿ ಕಟ್ಟುವವರ ಮಕ್ಕಳೇ ಎಷ್ಟೋ. ತೋಟದ ಯಜಮಾನರ ಮಕ್ಕಳು ಹೆಚ್ಚಾಗಿ ಇಂಗ್ಲಿಷ್ ಮೀಡಿಯಮ್ಮಿನ ವ್ಯಾನು ಹತ್ತುತ್ತಾರೆ, ಅದಿರಲಿ. ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಮರಾಟಿ; ಪುಸ್ತಕದ ಕನ್ನಡ ಕಿವಿಗೆ ಬೀಳುವುದು ಶಾಲೆಯಲ್ಲಿ ಮಾತ್ರ.

ಮೊದಲು ಒಂದು ಪರೀಕ್ಷೆ ಮಾಡು. "ವ್ಯಾಪಾರಿಯೊಬ್ಬನು ಕಿಲೋಗ್ರಾಮಿಗೆ 350 ರೂಪಾಯಿಯಂತೆ 40 ಕಿಲೋಗ್ರಾಂ ಅಡಿಕೆಯನ್ನು ಖರೀದಿಸಿ ಶೇಕಡಾ 10 ಲಾಭಕ್ಕೆ ಮಾರಿದರೆ, ಮಾರಿದ ಬೆಲೆಯೆಷ್ಟು?" ಇಂಥ ಐದು ಲೆಕ್ಕ ಬರೆಯಲು ಕೊಡು. ವಾರ ಬಿಟ್ಟು ಅವನ್ನೇ, ಸಂಖ್ಯೆ ಬದಲಿಸಿ, ಒಬ್ಬೊಬ್ಬರನ್ನೇ ಕರೆದು ಅವರ ಮನೆಮಾತಿನಲ್ಲಿ ಬಾಯಲ್ಲಿ ಕೇಳು. ಹಾಳೆಯಲ್ಲಿ ಖಾಲಿ ಬಿಟ್ಟವಳು ಬಾಯಲ್ಲಿ "ಹದಿನಾಲ್ಕು ಸಾವಿರ, ಅದರ ಮೇಲೆ ಸಾವಿರದ ನಾನೂರು" ಎಂದು ಹೇಳಿದರೆ ಅವಳಿಗೆ ಬಾರದ್ದು ಶೇಕಡಾ ಅಲ್ಲ, ಆ ಉದ್ದದ ವಾಕ್ಯ. ಅವಳಿಗೆ ಬೇಕಾದ್ದು ಪ್ರಶ್ನೆಯನ್ನು ತುಂಡು ಮಾಡಿ ಓದುವ ಅಭ್ಯಾಸ: ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ. ಎರಡರಲ್ಲೂ ತಪ್ಪಿದವರ ಹಾಜರಿ ಪುಸ್ತಕ ತೆಗೆದು ಭಿನ್ನರಾಶಿ ಕಲಿಸಿದ ದಿನಗಳನ್ನು ನೋಡು. ಅಡಿಕೆ ಕೊಯ್ಲಿಗೋ, ತಮ್ಮನನ್ನು ನೋಡಿಕೊಳ್ಳಲಿಕ್ಕೋ ಆ ವಾರ ಮನೆಯಲ್ಲಿ ಉಳಿದವರಿಗೆ ಮುಂದೆ ಶೇಕಡಾ, ಬಡ್ಡಿ ಎರಡೂ ಕೈಕೊಡುತ್ತವೆ.

ಹೋಮ್‌ವರ್ಕ್ ಇನ್ನೊಂದು ತೊಡಕು. ಮನೆಯಲ್ಲಿ ಓದು ಬಲ್ಲ ದೊಡ್ಡವರು, ಬೆಳಕಿನ ಕೆಳಗೆ ಒಂದು ಮೇಜು, ಕೆಲಸವಿಲ್ಲದ ಒಂದು ಗಂಟೆ, ಈ ಮೂರೂ ಇವೆ ಎಂದು ನಂಬಿ ನಾವು ಅದನ್ನು ಕೊಡುತ್ತೇವೆ. ಬೀಡಿ ಕಟ್ಟುವ ಮನೆಯಲ್ಲಿ ಸಂಜೆ ಎಂದರೆ ಎಲೆ ಕತ್ತರಿಸುವ ಹೊತ್ತು. ಹೊಸದನ್ನು ಮನೆಗೆ ಕಳಿಸಬೇಡ. ಕ್ಲಾಸಿನಲ್ಲೇ ಒಮ್ಮೆ ಮಾಡಿಸಿದ್ದನ್ನು ಹತ್ತು ನಿಮಿಷದಲ್ಲಿ ಮುಗಿಯುವಷ್ಟು ಕೊಡು. ಪ್ರಾಜೆಕ್ಟ್ ಶಾಲೆಯಲ್ಲೇ ಆಗಲಿ, ಚಾರ್ಟು ಶಾಲೆಯದ್ದೇ ಇರಲಿ. ಹತ್ತನೇ ತರಗತಿಯಲ್ಲಿ 80 ಅಂಕದ ಪ್ರಶ್ನೆಪತ್ರಿಕೆಯ ಜೊತೆ ನಿರಂತರ ಮೌಲ್ಯಮಾಪನಕ್ಕೆ 20 ಅಂಕವಿದೆ. ಕಲರ್ ಪ್ರಿಂಟ್ ನೋಡಿ ಅಂಕ ಹಾಕುವ ಚಾಳಿ ಕೆಳಗಿನ ತರಗತಿಗಳಲ್ಲೇ ಹತ್ತಿಬಿಟ್ಟರೆ ಆ 20 ಅಪ್ಪನ ಜೇಬಿಗೆ ಬಿದ್ದ ಅಂಕವಾಗುತ್ತದೆ.

1966ರಲ್ಲಿ ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ತಂಡ ಆರು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಪರಿಶೀಲಿಸಿ, ಶಾಲೆಯ ಸೌಕರ್ಯಕ್ಕಿಂತ ಮನೆಯ ಹಿನ್ನೆಲೆಯ ಪ್ರಭಾವ ಹೆಚ್ಚು ಎಂದಿತು. ಸ್ಟಾಫ್ ರೂಮುಗಳಲ್ಲಿ ಕೈಚೆಲ್ಲಿ ಕೂರುವವರಿಗೆ ಇಷ್ಟೇ ನೆನಪು. ಒಳ್ಳೆಯ ಶಿಕ್ಷಕರಿಂದ ಆಗುವ ವ್ಯತ್ಯಾಸ ಅಲ್ಲಿನ ಅಲ್ಪಸಂಖ್ಯಾತ ಮಕ್ಕಳಲ್ಲೇ ಹೆಚ್ಚು ಕಾಣುತ್ತದೆ ಎಂದೂ ಅದೇ ವರದಿ ಹೇಳಿತ್ತು. ಇನ್ನೊಂದು ನಮ್ಮ ದೇಶದ್ದೇ: ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ದಾರಿ ಹುಡುಕುವ ಒಗಟು ಬಿಡಿಸಲು ಕೊಟ್ಟರು. ಜಾತಿ ಹೇಳದಿದ್ದಾಗ ಮೇಲು-ಕೆಳಗಿನವರ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಎಲ್ಲರೆದುರು ಜಾತಿ ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಹಿಂದೆ ಬಿದ್ದರು. ಹಾಗಾಗಿ ಯಾರ ಜಾತಿ ಯಾವುದೆಂದು ಗೊತ್ತಾಗುವ ಸ್ಟೈಪೆಂಡಿನ ಪಟ್ಟಿಯನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಬೇಡ.

ಈ ಮಕ್ಕಳು ಎಂಟಕ್ಕೆ ಬಂದಾಗ ಎನ್‌ಎಂಎಂಎಸ್ ಪರೀಕ್ಷೆ ಇದೆ, ಬಡ ಮನೆಯ ಜಾಣ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ಸ್ಕಾಲರ್‌ಶಿಪ್ಪಿನದ್ದು. ಸರ್ಕಾರಿ, ಅನುದಾನಿತ ಶಾಲೆಯವರಿಗೆ. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ಮೀರಬಾರದು. ಏಳರಲ್ಲಿ ಶೇಕಡಾ 55 ಬೇಕು, ಪರಿಶಿಷ್ಟರಿಗೆ 5 ರಿಯಾಯಿತಿ. ತಲಾ 90 ಪ್ರಶ್ನೆಯ ಎರಡು ಪತ್ರಿಕೆ, ಒಂದೊಂದಕ್ಕೆ 90 ನಿಮಿಷ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಪರೀಕ್ಷೆ ಪಾಸಾದವರೂ ಕಾಗದದಲ್ಲಿ ಎಡವುತ್ತಾರೆ: ಆಧಾರ್‌ನಲ್ಲಿ ಒಂದು ಸ್ಪೆಲಿಂಗ್, ಶಾಲೆಯ ದಾಖಲೆಯಲ್ಲಿ ಇನ್ನೊಂದು, ವಿಲೇಜ್ ಆಫೀಸಿನ ಮಲಯಾಳದ ವರಮಾನ ಸರ್ಟಿಫಿಕೇಟಿನಲ್ಲಿ ಮತ್ತೊಂದು. ಏಳನೇ ತರಗತಿ ಮುಗಿದು ಬೇಸಿಗೆ ರಜೆ ಬರುವ ಮೊದಲೇ ಮೂರನ್ನೂ ತಾಳೆ ನೋಡು. ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲಿದ್ದು ಆಧಾರ್‌ಗೆ ಜೋಡಣೆಯಾಗಿದೆಯೇ ಎಂದೂ. ಆಯ್ಕೆಯಾದ ಮೇಲೆ ಪ್ರತಿವರ್ಷ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ನವೀಕರಣ ಮಾಡಬೇಕು. ಅದನ್ನು ತಂದೆತಾಯಿಗೆ ಬಿಡದೆ ಶಾಲೆಯಲ್ಲಿ ಒಬ್ಬರ ಹೆಸರಿಗೆ ವಹಿಸಿಬಿಡಲು ಹೆಡ್‌ಮಾಷ್ಟ್ರಿಗೆ ಹೇಳು.

ಇತಿ ನಿನ್ನ ಗೆಳೆಯ